ದೋಣಿಯ ಬ್ಯಾಟರಿ, ಗಣಿಯ ದಿಬ್ಬ



1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಬಂದಿತು. 2001ರಲ್ಲಿ ಗಣಿಗಳು ಮುಚ್ಚಿದವು. ಆಂಡರ್ಸನ್‌ಪೇಟೆಯ ನೆರೆಯಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು, ಗಾಳಿಗೆ ಏಳುವ ಅವುಗಳ ಧೂಳು.

ಈಗ ವಿದ್ಯುತ್ತನ್ನು ತುಂಬಿಡುವ ಲಿಥಿಯಂನ ಸರದಿ. ದೋಣಿಯ ಮೋಟಾರನ್ನೇ ನೋಡಿ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1.2 ಯೂನಿಟ್, 50 ಆಂಪಿಯರ್ ಸೆಳೆದರೆ ಎರಡು ಗಂಟೆಗೆ ಬರಿದು. ಸೀಸದ ಬ್ಯಾಟರಿಗಿಂತ ಲಿಥಿಯಂ ಹಗುರ, ಡೀಸೆಲ್ಲಿನ ಹೊಗೆಯೂ ಇಲ್ಲ, ನಿಜ. ಆದರೆ ನೀರಿನ ಲೆಕ್ಕ ಬೇರೆ: ವೇಗವನ್ನು ಅರ್ಧಕ್ಕಿಳಿಸಿದರೆ ಬೇಕಾಗುವ ಶಕ್ತಿ ಸುಮಾರು ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಮೆಲ್ಲನೆ ಸಾಗುವ ದೋಣಿಗೆ ಸಣ್ಣ ಬ್ಯಾಟರಿ ಸಾಕು, ಅಗೆತವೂ ಅಷ್ಟು ಕಡಿಮೆ.

ಶಿವನಸಮುದ್ರವಿರುವ ಮಂಡ್ಯ ಜಿಲ್ಲೆಯಲ್ಲೇ, ಮರಳಗಾಲದಲ್ಲಿ, 1,600 ಟನ್ ಲಿಥಿಯಂ ಇದೆಯೆಂಬ ಅಂದಾಜಿದೆ. ಅಲ್ಲಿ ಗುದ್ದಲಿ ಬೀಳುವ ಮುನ್ನವೇ ಕೇಳಬೇಕು: ದಿಬ್ಬ ಯಾರ ಹೊಣೆ?