ಗಿಟಾರ್ ಕಲಿಯುತ್ತಿರುವ ನಮ್ಮ ತರುಣ ತರುಣಿಯರಿಗೆ

(ಶತಮಾನೋತ್ಸವದ ಅಂಗವಾಗಿ, ಸಂತ ಸಿಸಿಲಿಯಮ್ಮನವರ ಹಬ್ಬದ ಸಂಜೆ, ಗಾನವೃಂದದ ಸದಸ್ಯರನ್ನೂ ಅವರ ತಂದೆತಾಯಿಗಳನ್ನೂ ಉದ್ದೇಶಿಸಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದಲ್ಲಿ ಹಿರಿಯರನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ಈ ವರ್ಷ ಪೂರ್ತಿ ನಾವೆಲ್ಲರೂ ಮಾಡುತ್ತ ಬಂದಿದ್ದೇವೆ. ಈ ಸಂಜೆ ಮಾತ್ರ ಕಿರಿಯರ ಒಂದು ಸಣ್ಣ ಸಂಕಟವನ್ನು ಕುರಿತು ನಾಲ್ಕು ಮಾತು ಆಡಲು ಅಪೇಕ್ಷಿಸುತ್ತೇವೆ. ಕಳೆದ ಜೂನ್ ತಿಂಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳಿಂದ ಒಂಬತ್ತು ಮಂದಿ ತರುಣ ತರುಣಿಯರು ಗಾನವೃಂದದಲ್ಲಿ ಗಿಟಾರ್ ನುಡಿಸಲು ಕಲಿಯುವುದಾಗಿ ಉತ್ಸಾಹದಿಂದ ಹೆಸರು ಕೊಟ್ಟರು. ಇಂದು ಈ ಸಭೆಯಲ್ಲಿ ಗಿಟಾರ್ ಹಿಡಿದು ಕುಳಿತಿರುವವರು ನಾಲ್ವರು. ಉಳಿದ ಐವರಲ್ಲಿ ಮೂವರು ಹಿಂದಿನ ಸಾಲಿನಲ್ಲಿ ಬರಿಗೈಯಲ್ಲಿ ಕುಳಿತಿರುವುದನ್ನು ನಾವು ಗಮನಿಸಿದ್ದೇವೆ. ಅವರು ತಲೆ ತಗ್ಗಿಸಬೇಕಾಗಿಲ್ಲ. ಈ ಭಾಷಣವು ಮುಖ್ಯವಾಗಿ ಅವರಿಗಾಗಿಯೇ.

ಬಿಟ್ಟವರನ್ನು ಕೇಳಿದರೆ ಉತ್ತರ ಒಂದೇ: "ನಮಗೆ ಬರುವುದಿಲ್ಲ, ಸ್ವಾಮಿ." ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವವರಲ್ಲ. ಅದಕ್ಕೆ ಒಂದು ಕಾರಣವಿದೆ. ಅದನ್ನು ಹೇಳುವುದು ನಮಗೆ ಅಷ್ಟೇನೂ ಗೌರವದ ಸಂಗತಿಯಲ್ಲವಾದರೂ ಹೇಳಿಯೇ ಮುಂದುವರಿಯುತ್ತೇವೆ.

ಅನೇಕ ವರ್ಷಗಳ ಹಿಂದೆ ನಾವು ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆವು. ಅಲ್ಲಿಯ ಕಾಫಿ ತೋಟದ ಕೂಲಿ ಕುಟುಂಬದ ಹುಡುಗನೊಬ್ಬ ಗಿಟಾರ್ ಕಲಿಯತೊಡಗಿದ. ಹಣ್ಣು ಕೊಯ್ಲಿನ ಕಾಲದ ಕೂಲಿಯಲ್ಲಿ ಉಳಿಸಿ ತಂದೆತಾಯಿ ಅದನ್ನು ಕೊಂಡು ಕೊಟ್ಟಿದ್ದರು. ಪಾಸ್ಖ ಜಾಗರಣೆಯ ರಾತ್ರಿ ಮಹಿಮಾಗೀತೆಯ ನಡುವೆ ಅವನ ತಾಳ ತಪ್ಪಿತು, ಗಾನವೃಂದ ಒಂದು ಕಡೆ, ಅವನು ಒಂದು ಕಡೆ. ಬಲಿಪೀಠದ ಬಳಿಯಲ್ಲಿದ್ದ ನಾವು ಕೈಯೆತ್ತಿ ಅವನನ್ನು ನಿಲ್ಲಿಸಿ, ವಾದ್ಯವಿಲ್ಲದೆಯೇ ಹಾಡುವಂತೆ ಸನ್ನೆ ಮಾಡಿದೆವು. ಪೂಜೆಯ ಘನತೆಗಾಗಿ ಹಾಗೆ ಮಾಡಿದೆವೆಂದು ಅಂದು ತಿಳಿದಿದ್ದೆವು. ಹೊರಗೆ ಅಂಗಳದಲ್ಲಿ ಹಿರಿಯರು ನಾಲ್ಕು ಮಂದಿ ನಕ್ಕರು. ಮರುವಾರ ಹುಡುಗ ಬರಲಿಲ್ಲ. ಕರೆದು ಕೇಳಿದಾಗ, "ಬೆರಳು ನೋಯುತ್ತದೆ, ಸ್ವಾಮಿ" ಎಂದ. ಅದು ನೆಪವೆಂದು ನಾವು ಭಾವಿಸಿದೆವು. ಶ್ರಮಕ್ಕೆ ಹೆದರಬಾರದೆಂದು ಬುದ್ಧಿವಾದವನ್ನೂ ಹೇಳಿದೆವು. ನಮಗೆ ವರ್ಗವಾದಾಗ ಅವನ ತಂದೆ ಆ ಗಿಟಾರನ್ನು ತಂದು, ಮನೆಯಲ್ಲಿ ಸುಮ್ಮನೆ ಬಿದ್ದಿದೆ, ದೇವಾಲಯಕ್ಕಾದರೂ ಆಗಲಿ ಎಂದು ಒಪ್ಪಿಸಿ ಹೋದರು. ಅದೇ ಗಿಟಾರ್ ಇದು, ಈ ಮೇಜಿನ ಮೇಲಿರುವುದು.

ಕಳೆದ ವರ್ಷ, ಅರವತ್ತು ದಾಟಿದ ಮೇಲೆ, ಇದನ್ನು ನಾವೇ ಕಲಿಯಬೇಕೆಂದು ಕೈಗೆತ್ತಿಕೊಂಡೆವು. ತುಕ್ಕು ಹಿಡಿದ ತಂತಿಗಳನ್ನು ಬದಲಾಯಿಸಲು ಬಲ್ಲವರೊಬ್ಬರ ಬಳಿಗೆ ಒಯ್ದೆವು. ಅವರು ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಸ್ವಾಮಿ, ಇದರ ಮೇಲೆ ಕಲಿತವರು ಯಾರು? ಪಾಪ!" ಎಂದರು. ಗಿಟಾರಿನ ಕೊರಳಿನ ಮೇಲೆ ವೀಣೆಯ ಮೆಟ್ಟುಗಳಂತೆ ಲೋಹದ ಮೆಟ್ಟುಗಳಿರುತ್ತವೆ. ಹನ್ನೆರಡನೆಯ ಮೆಟ್ಟಿನ ಬಳಿ ಉಕ್ಕಿನ ತಂತಿಯು ಸುಮಾರು ಎರಡು ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಒತ್ತಲು ಹಿತ. ಇದರಲ್ಲಿ ಐದು ಮಿಲಿಮೀಟರಿಗೂ ಮೇಲಿತ್ತು. ಅಗ್ಗದ ವಾದ್ಯ, ಮಲೆನಾಡಿನ ತೇವಕ್ಕೆ ಮರ ಉಬ್ಬಿ ಕೊರಳು ಬಾಗಿತ್ತು. ದೊಡ್ಡವರ ಕೈಗೇ ಕಷ್ಟವಾದ ಆ ತಂತಿಯನ್ನು ಹದಿಮೂರರ ಬಾಲಕ ಹತ್ತು ತಿಂಗಳು ಒತ್ತಿದ್ದ. ಅವನ ಬೆರಳು ನಿಜವಾಗಿಯೇ ನೋಯುತ್ತಿತ್ತು. ಅವನು ನಮ್ಮೆದುರು ಸುಳ್ಳು ಹೇಳಿರಲಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಮೊದಲ ಬಿನ್ನಹ ಇದು: ಮಗು ಬೇಸರಗೊಂಡಿತೆಂದು ಕಂಡಾಗ ಮಗುವನ್ನು ಪರೀಕ್ಷಿಸುವ ಮುನ್ನ ವಾದ್ಯವನ್ನು ಪರೀಕ್ಷಿಸಿ. ಸೇತುವೆಯ ಮೇಲಿನ ಸಣ್ಣ ಪಟ್ಟಿಯನ್ನು ಸ್ವಲ್ಪ ಉಜ್ಜಿ ಇಳಿಸಿದರೆ, ಕೊರಳಿನೊಳಗಿನ ಸರಳನ್ನು ಒಂದಿಷ್ಟು ತಿರುಗಿಸಿದರೆ, ಅರ್ಧ ಕಷ್ಟ ಅಲ್ಲಿಯೇ ತೀರುತ್ತದೆ. ಇದು ಬಲ್ಲವರು ಮಾಡುವ ಕೆಲಸ, ಮನೆಯಲ್ಲಿ ಕೈಹಾಕಬೇಡಿ. ಹೊಸದಾಗಿ ಕೊಳ್ಳುವವರು ನೈಲಾನ್ ತಂತಿಯದನ್ನು ಕೊಂಡರೆ ಬೆರಳಿಗೆ ಮೃದು. ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ತರೀಕೆರೆಯ ಪಶ್ಚಿಮಕ್ಕೆ ಕಾಡು, ಮಳೆ. ಕಡೂರು, ಅಜ್ಜಂಪುರ ಬಯಲು, ಬೇಸಗೆಯಲ್ಲಿ ಒಣಗಾಳಿ. ಮರವು ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಗಿಟಾರನ್ನು ಹಂಚಿನ ಕೆಳಗಿನ ಗೋಡೆಗೆ ಬಿಸಿಲು ತಾಗುವಂತೆ ತೂಗುಹಾಕಬೇಡಿ.

ವಾದ್ಯ ಸರಿಯಿದ್ದರೂ ನೋವು ಇದ್ದೇ ಇರುತ್ತದೆ. ಎಡಗೈ ಬೆರಳ ತುದಿಯ ಚರ್ಮ ಗಟ್ಟಿಯಾಗಲು ಕೆಲವು ವಾರಗಳು ಬೇಕು. ನಡುವೆ ಬಿಟ್ಟರೆ ಮತ್ತೆ ಮೆತ್ತಗಾಗಿ ಎಲ್ಲವೂ ಮೊದಲಿನಿಂದ. ಶನಿವಾರ ಮೂರು ಗಂಟೆ ಕುಳಿತು ವಾರವೆಲ್ಲ ಮುಟ್ಟದೆ ಇರುವವರು ಪ್ರತಿ ಶನಿವಾರವೂ ಹೊಸಬರೇ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಬೆರಳು ಕಲಿತದ್ದು ನಿದ್ರೆಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆಂದು ಮಿದುಳಿನ ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಗುರುಮಠದಲ್ಲಿ ನಮಗೆ ಲತೀನ್ ಕಲಿಸಿದ ವೃದ್ಧ ಗುರುಗಳು ಯಾವ ಅಧ್ಯಯನವೂ ಇಲ್ಲದೆ ಇದನ್ನೇ ಹೇಳುತ್ತಿದ್ದರು.

ಈಗ ನಿಜವಾದ ಕಷ್ಟಕ್ಕೆ ಬರೋಣ. ಮೊದಲ ತಿಂಗಳಲ್ಲಿ ಬಿಟ್ಟವರು ನಿಮ್ಮಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಬಿಟ್ಟದ್ದು ಮೂರು ನಾಲ್ಕು ತಿಂಗಳ ನಂತರ, ಅಂದರೆ ಸ್ವಲ್ಪ ಕಲಿತ ಮೇಲೆ. ಇದೇಕೆ? ನಮ್ಮ ಅನುಭವದಲ್ಲಿ ಕಂಡ ಉತ್ತರವನ್ನು ಹೇಳುತ್ತೇವೆ. ಕಲಿಯುವಾಗ ಬೆರಳಿಗಿಂತ ಕಿವಿ ಬೇಗ ಕಲಿಯುತ್ತದೆ. ಜೂನ್ ತಿಂಗಳಲ್ಲಿ ಕೇಳಿಸದ ತಪ್ಪು ಅಕ್ಟೋಬರಿನಲ್ಲಿ ಕೇಳಿಸುತ್ತದೆ. ತಪ್ಪು ಕಡಿಮೆಯಾಗಿದ್ದರೂ ಹೆಚ್ಚಾದಂತೆ ತೋರುತ್ತದೆ. ಮುಂದೆ ಸಾಗಿದವನು ತಾನು ಹಿಂದೆ ಬಿದ್ದೆನೆಂದು ತಿಳಿದು ಕೈಬಿಡುತ್ತಾನೆ. ಅದರ ಮೇಲೆ ಮೊಬೈಲ್ ಫೋನಿನಲ್ಲಿ ಎಂಟು ವರ್ಷದ ಮಗುವೊಂದು ಮಿಂಚಿನಂತೆ ನುಡಿಸುವುದನ್ನು ದಿನವೂ ನೋಡಿದರೆ ಕೇಳಬೇಕೆ? ಅದೇ ಫೋನನ್ನು ಬೇರೆ ರೀತಿ ಬಳಸಿರಿ. ತಿಂಗಳಿಗೊಮ್ಮೆ ಒಂದೇ ಗೀತೆಯನ್ನು ನುಡಿಸಿ ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ಬೇಸರವಾದ ದಿನ ಮೊದಲನೆಯದನ್ನು ಕೇಳಿ. ನಾವು ನಮ್ಮದನ್ನು ಕೇಳಿ ಬಹಳ ನಕ್ಕಿದ್ದೇವೆ.

ಎಫ್ ಎಂಬ ಕಾರ್ಡಿನ ವಿಷಯ. ತೋರುಬೆರಳೊಂದರಿಂದಲೇ ಆರೂ ತಂತಿಗಳನ್ನು ಒತ್ತಿ ಹಿಡಿಯಬೇಕಾದ ಆ ಕಾರ್ಡಿನ ಬಳಿ ಲೋಕದ ಎಲ್ಲ ಗಿಟಾರ್ ವಿದ್ಯಾರ್ಥಿಗಳೂ ಎಡವುತ್ತಾರೆ. ನಮಗೆ ಇದುವರೆಗೂ ಅದು ಒಲಿದಿಲ್ಲ. ಆದರೆ ಗಾನವೃಂದಕ್ಕೆ ಅದು ಇಂದೇ ಬೇಕೆಂದು ಯಾರು ಹೇಳಿದರು? ನಾವು ಹಾಡುವ ಭಕ್ತಿಗೀತೆಗಳಲ್ಲಿ ಎಷ್ಟೋ ಗೀತೆಗಳು ಮೂರು ಕಾರ್ಡುಗಳಲ್ಲಿ ಮುಗಿಯುತ್ತವೆ. ಜಿ, ಸಿ, ಡಿ ಅಥವಾ ಡಿ, ಜಿ, ಎ. ಶ್ರುತಿ ಏರಬೇಕಾದರೆ ಕೊರಳಿಗೆ ಕೇಪೊ ಎಂಬ ಪಟ್ಟಿಯನ್ನು ಬಿಗಿದರಾಯಿತು, ಬೆರಳ ಸ್ಥಾನ ಬದಲಾಗುವುದಿಲ್ಲ. ಅದು ಮೋಸವೆಂದು ನಿಮ್ಮಲ್ಲಿ ಕೆಲವರು ತಿಳಿದಿರುವುದು ನಮ್ಮ ಕಿವಿಗೆ ಬಿದ್ದಿದೆ. ಅದು ಮೋಸವಲ್ಲ.

ಇಲ್ಲಿ ಒಬ್ಬ ಗುರುವನ್ನು ನೆನೆಯಬೇಕು. ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ಬಳಿ ಓಬರ್ನ್‌ಡಾರ್ಫ್ ಎಂಬ ನದೀತೀರದ ಊರು. 1818ರಲ್ಲಿ ಅಲ್ಲಿಯ ಸಂತ ನಿಕೋಲಾಸರ ದೇವಾಲಯದಲ್ಲಿ ಸಹಾಯಕ ಗುರುವಾಗಿದ್ದವರು ಜೋಸೆಫ್ ಮೋರ್, ಬಡ ಹೆಣಿಗೆಯವಳ ಮಗ, ವಯಸ್ಸು ಇಪ್ಪತ್ತಾರು. ಎರಡು ವರ್ಷ ಹಿಂದೆ ತಾವು ಬರೆದಿದ್ದ ಪದ್ಯವನ್ನು ನೆರೆಯೂರಿನ ಶಾಲಾ ಉಪಾಧ್ಯಾಯ ಫ್ರಾನ್ಸ್ ಕ್ಸೇವರ್ ಗ್ರೂಬರ್ ಅವರಿಗೆ ಕೊಟ್ಟು, ಇಬ್ಬರ ಕಂಠಕ್ಕೂ ಒಂದು ಗಿಟಾರಿಗೂ ಹೊಂದುವ ರಾಗ ಕೇಳಿದರು. ಆ ಡಿಸೆಂಬರ್ 24ರ ರಾತ್ರಿ ಇಬ್ಬರೂ ಅದನ್ನು ಹಾಡಿದರು. ಗಿಟಾರ್ ನುಡಿಸಿದವರು ಗುರುಗಳೇ. ಅದೇ ಇಂದು ನಾವು 'ಸೈಲೆಂಟ್ ನೈಟ್' ಎಂದು ಬಲ್ಲ ಗೀತೆ. ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದಿದ್ದವೆಂಬ ಕಥೆಯನ್ನು ನಂತರದವರು ಕಟ್ಟಿದರು, ಅದನ್ನು ನಂಬಬೇಕಾಗಿಲ್ಲ. ಮೋರ್ ಅವರ ಗಿಟಾರ್ ಇಂದಿಗೂ ಹಾಲೈನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಮೂರು ನಾಲ್ಕು ಸರಳ ಕಾರ್ಡುಗಳಲ್ಲಿ ಮುಗಿಯುವ ಗೀತೆ. ಅದರಲ್ಲಿ ವಾದ್ಯಗಾರನ ಚಮತ್ಕಾರ ತೋರಿಸಲು ಎಡೆಯೇ ಇಲ್ಲ. ವಾದ್ಯವು ಹಾಡುವವರನ್ನು ಹೊತ್ತು ನಡೆಯುತ್ತದೆ, ಅಷ್ಟೇ.

ದೇವಾಲಯದಲ್ಲಿ ಗಿಟಾರ್ ಏಕೆಂದು ಕೇಳುವ ಹಿರಿಯರೂ ನಮ್ಮಲ್ಲಿದ್ದಾರೆ. ಆ ಪ್ರಶ್ನೆಗೂ ಚರಿತ್ರೆಯಿದೆ. ಹತ್ತನೆಯ ಭಕ್ತಿನಾಥ ಪೋಪರು ಇದೇ ಸಿಸಿಲಿಯಮ್ಮನವರ ಹಬ್ಬದ ದಿನ, 1903ರ ನವೆಂಬರ್ 22ರಂದು ಹೊರಡಿಸಿದ ಆಜ್ಞೆಯಲ್ಲಿ ಪಿಯಾನೋ, ಡೋಲು ಮೊದಲಾದವನ್ನು ದೇವಾಲಯದಲ್ಲಿ ನಿಷೇಧಿಸಿದ್ದರು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರವು ಮೈಸೂರಿನಿಂದ ಬೇರ್ಪಟ್ಟು ಸ್ಥಾಪನೆಯಾದದ್ದು 1963ರ ನವೆಂಬರಿನಲ್ಲಿ. ಅದರ ಮರುತಿಂಗಳು, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ದೈವಾರಾಧನೆಯ ಸಂವಿಧಾನ ಪ್ರಕಟವಾಯಿತು. ಅದು ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿಕೊಂಡು, ಪವಿತ್ರ ಕಾರ್ಯಕ್ಕೆ ತಕ್ಕ ಇತರ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯ ಮೇರೆಗೆ ಬಾಗಿಲು ತೆರೆಯಿತು. ಅಂತೆಯೇ ದಾವೀದನು ಸೌಲ ಅರಸನ ಮುಂದೆ ನುಡಿಸಿದ ತಂತಿವಾದ್ಯವನ್ನು ನಮ್ಮ ಕನ್ನಡ ಬೈಬಲ್ ಕಿನ್ನರಿ ಎಂದು ಕರೆದಿದೆ. ನಮ್ಮ ನಾಡಿನ ಜೋಗಿಗಳ ಹೆಗಲ ಮೇಲಿದ್ದ ವಾದ್ಯದ ಹೆಸರದು. ಇಷ್ಟು ಸಾಕು.

ಹಿರಿಯರಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಒಬ್ಬನೇ ಕುಳಿತು ತನ್ನ ತಪ್ಪನ್ನು ತಾನೇ ಕೇಳುವವನಿಗೆ ಬೇಸರ ಬೇಗ ಬರುತ್ತದೆ. ಹತ್ತು ಮಂದಿ ಹಾಡುವಾಗ ಹಿಂದೆ ಕುಳಿತು, ತನಗೆ ಬರುವ ಎರಡು ಕಾರ್ಡುಗಳನ್ನು ಮಾತ್ರ ನುಡಿಸಿ, ಬಾರದ ಕಡೆ ಕೈ ತಡೆದು, ಮತ್ತೆ ಸೇರಿಕೊಳ್ಳುವವನಿಗೆ ತಾನು ಬೇಕಾದವನೆಂದು ಅನಿಸುತ್ತದೆ. ಅವನು ಮರುದಿನವೂ ಗಿಟಾರ್ ಮುಟ್ಟುತ್ತಾನೆ. ಆದುದರಿಂದ ಪೂರ್ತಿ ಕಲಿತ ಮೇಲೆ ಬಾ ಎಂದು ಯಾರಿಗೂ ಹೇಳಲಾಗದು. ಪೂಜೆಯಲ್ಲಿ ಒಂದೆರಡು ಕಡೆ ತಂತಿ ತಪ್ಪಿದರೆ ನಾವು ಸಹಿಸೋಣ. ನಮ್ಮ ಪ್ರಬೋಧನೆಗಳನ್ನು ನೀವು ಇಷ್ಟು ವರ್ಷ ಸಹಿಸಿಲ್ಲವೆ? ಅಂಗಳದಲ್ಲಿ ನಗುವವರು ಮಾತ್ರ ಆ ನಗುವನ್ನು ಮನೆಗೆ ಒಯ್ದು ನಗಲಿ. ಆ ಪಾಸ್ಖ ರಾತ್ರಿ ನಾವು ಕೈಯೆತ್ತದೆ ಇದ್ದಿದ್ದರೆ ಹಾಡು ಹೇಗೋ ಮುಗಿಯುತ್ತಿತ್ತು. ಆ ಹುಡುಗ ಮರುವಾರ ಬರುತ್ತಿದ್ದನು.

ಬೀರೂರಿನಲ್ಲಿ ರೈಲುದಾರಿ ಕವಲೊಡೆದು ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುತ್ತದೆ. ಮೂರು ಊರಿನವರು ದಿನವೂ ಕೂಡುವುದು ಸಾಧ್ಯವಿಲ್ಲವೆಂಬುದನ್ನು ಅರಿತಿದ್ದೇವೆ. ಆದುದರಿಂದ ಭಾನುವಾರ ಪೂಜೆಯ ನಂತರ ಒಂದು ಗಂಟೆ, ಧರ್ಮಬೋಧೆಯ ಕೋಣೆಯಲ್ಲಿ ಅಭ್ಯಾಸ. ಉಪದೇಶಿಗಳ ಬಳಿ ಬೀಗದ ಕೈ ಇರುತ್ತದೆ. ಬಿಟ್ಟ ಐವರಿಗೂ ಕುರ್ಚಿ ಹಾಕಿರುತ್ತದೆ. ಗಿಟಾರ್ ಇಲ್ಲದವರು ಇದನ್ನು ತೆಗೆದುಕೊಳ್ಳಬಹುದು. ತಂತಿ ಇಳಿಸಿ ಆಗಿದೆ, ಈಗ ಬೆರಳಿಗೆ ಅಷ್ಟು ನೋವಿಲ್ಲ. ಕ್ರಿಸ್ತ ಜಯಂತಿಯ ರಾತ್ರಿಗೆ ಮೋರ್ ಗುರುಗಳ ಗೀತೆಯನ್ನು ಡಿ, ಜಿ, ಎ ಮೂರರಲ್ಲಿಯೇ ಸಿದ್ಧಪಡಿಸೋಣ. ಆ ರಾತ್ರಿ ನಾವು ಬಲಿಪೀಠದ ಬಳಿ ಇರಬೇಕಾಗಿರುವುದರಿಂದ ನಿಮ್ಮೊಡನೆ ನುಡಿಸಲಾಗದು. ಅಭ್ಯಾಸಕ್ಕೆ ಮಾತ್ರ ಹಿಂದಿನ ಸಾಲಿನಲ್ಲಿ ನಮಗೂ ಒಂದು ಕುರ್ಚಿ ಇಡಿರಿ.