ಮುಂಭಾರ, ಹಿಂಭಾರ

1970ರಲ್ಲಿ ನಮ್ಮ ಕಮಾನುಗಾಡಿ ಹೊಳೆನರಸೀಪುರದಿಂದ ಅರಕಲಗೂಡಿನ ಮಾರ್ಗವಾಗಿ ಕಾವೇರಿ ತೀರದ ರಾಮನಾಥಪುರಕ್ಕೆ, ಷಷ್ಠಿಯ ತೇರಿಗೆಂದು ಹೊರಟಿತು. ಅಷ್ಟು ದೂರ ಗಾಡಿ ಕಟ್ಟಿದ್ದು ಅದೇ ಮೊದಲು. ಹಳ್ಳಿಕಾರ್ ಜೋಡಿಗೆ ಲಾಳ ಹೊಡೆಸುವುದು, ಅಚ್ಚಿಗೆ ಎಣ್ಣೆ, ರಾತ್ರಿ ಬಿಡಾರ ಹೂಡುವ ತೋಪು, ನೀರಿನ ಕಟ್ಟೆ, ಎಲ್ಲವನ್ನೂ ಅಜ್ಜ ವಾರ ಮೊದಲೇ ಗೊತ್ತುಮಾಡಿದ್ದರು. ಸಾಮಾನು ತುಂಬುವ ಕೆಲಸ ಮಾತ್ರ ಹತ್ತು ವರ್ಷದ ನನ್ನದು. ಅಕ್ಕಿಮೂಟೆ, ಹಂಡೆಗಳನ್ನು ಹಿಂದಕ್ಕೆ ತಳ್ಳಿ ಮುಂದೆ ನನಗೆ ಹಾಸಿಗೆ ಹಾಸಿಕೊಂಡೆ.

ಮೊದಲ ಏರಿನಲ್ಲೇ ಮೂಕಿ ಮೇಲೆದ್ದಿತು. ನೊಗ ಹೆಗಲು ಬಿಟ್ಟು, ಕೊರಳ ಹಗ್ಗ ಎತ್ತುಗಳ ಗಂಟಲನ್ನು ಬಿಗಿಯಿತು. ಅಜ್ಜ ಓಡಿಬಂದು ಮೂಕಿಗೆ ಜೋತುಬಿದ್ದರು. ಬೈಯಲಿಲ್ಲ. "ಮುಂಭಾರವಾದರೆ ಹೆಗಲು ಹುಣ್ಣು, ಹಿಂಭಾರವಾದರೆ ಉಸಿರೇ ಹೋಗುತ್ತೆ. ಅಚ್ಚಿಗಿಂತ ಕೊಂಚ ಮುಂದಿಡೋ" ಎಂದರು.

ಅಮೆರಿಕದಲ್ಲಿರುವ ಮಗ ಈಗ ಕಾರಿನ ಹಿಂದೆ ಮನೆಯಂಥದೊಂದು ಬಂಡಿ ಕಟ್ಟಿ ದೂರ ಹೊರಡುವವನಿದ್ದಾನೆ. ದಾರಿಯ ನಕ್ಷೆ ಕಳಿಸಿದ್ದ. ಭಾರ ಎಲ್ಲಿಟ್ಟೆಯಪ್ಪಾ ಎಂದಷ್ಟೇ ಕೇಳಿದೆ.

ಅಂದು ಮಂಡಿನೋವಿನ ಅಜ್ಜಿ ಆ ಏರು ಮುಗಿಯುವವರೆಗೂ ನಡೆದೇ ಬಂದರು.