ಕಬ್ಬಿಣದ ಊರು ಕಲಿಸುವ ಪಾಠ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೀರೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿ ತರೀಕೆರೆ ದಾಟಿದರೆ ಭದ್ರಾವತಿ. ಪಂಚನಹಳ್ಳಿ ಸೀಮೆಯವರಾದ ನಮಗೆ ಅದೇನೂ ದೂರದ ಊರಲ್ಲ. ಹಿಂದೆ ಬೆಂಕಿಪುರ ಎನ್ನುತ್ತಿದ್ದ ಆ ಸಣ್ಣ ಊರು ಹೇಗೆ ಬೆಳೆಯಿತು, ಆಮೇಲೆ ಏನಾಯಿತು ಅನ್ನೋದನ್ನು ಈ ಶುಭದಿನ ನಾವು ಸ್ವಲ್ಪ ಯೋಚಿಸಬೇಕು.

1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಅಲ್ಲಿ ಕೆಲಸ ಆರಂಭಿಸಿತು. ಅದಿರು ಬಂದದ್ದು ನಮ್ಮ ಪಕ್ಕದ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ್ದರಿಂದ ಮಲೆನಾಡಿನ ಮರದಿಂದ ಇದ್ದಿಲು ಮಾಡಿ ಅದಿರು ಕರಗಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು ಅದನ್ನು ನೆಲೆಗೆ ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಸೈರನ್ ಕೂಗಿದರೆ ಊರು ಏಳುತ್ತಿತ್ತು, ಸಂಬಳದ ದಿನ ಸಂತೆ ತುಂಬುತ್ತಿತ್ತು.

ಆದರೆ ಕಾಲ ಒಂದೇ ತರ ಇರಲ್ಲ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಒಂದು ಭಾಗದಲ್ಲಿ ಮತ್ತೆ ಕೆಲಸ ಶುರುವಾಯಿತು. ಬೆವರು ಅಲ್ಲಿಯವರದು, ತೀರ್ಮಾನ ಮಾತ್ರ ದೂರದಲ್ಲಿ ಆಗುವಂಥದ್ದು.

ಇಂಗ್ಲೆಂಡಿನ ರಾಚ್‌ಡೇಲ್ ಕೂಡ ಗಿರಣಿಗಳ ಊರೇ. ಅಲ್ಲಿ 1844ರ ಡಿಸೆಂಬರ್ 21ರಂದು ನೇಕಾರರು ಮತ್ತು ಇತರ ಕಸುಬಿನವರು, ಒಟ್ಟು 28 ಜನ, ತಲಾ ಒಂದು ಪೌಂಡು ಷೇರು ಹಾಕಿ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಇಂಥ ಕೆಲವೇ ಸರಕು. ಸರಿಯಾದ ತೂಕ, ಒಬ್ಬರಿಗೆ ಒಂದೇ ಓಟು, ವ್ಯಾಪಾರ ಮಾಡಿದಷ್ಟಕ್ಕೆ ಲಾಭದ ಪಾಲು. ಆ ಊರಿನ ಹತ್ತಿ ಗಿರಣಿಗಳು ಕಾಲಕ್ರಮೇಣ ನಿಂತವು. ಆ ಅಂಗಡಿಯ ನಿಯಮಗಳು ಮಾತ್ರ ಲೋಕವೆಲ್ಲ ಹಬ್ಬಿದವು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದೂ ಇದೇ ತತ್ವದ ಮೇಲೆ.

ಬಂಧುಗಳೇ, ಕಾರ್ಖಾನೆ ಉಳಿಯೋದು ಬಿಡೋದು ನಮ್ಮ ಕೈಲಿಲ್ಲ. ಈ ಸಂಘ ನಮ್ಮ ಕೈಲಿದೆ. "ಸರ್ಕಾರದ ದುಡ್ಡು, ಕಟ್ಟದಿದ್ರೆ ಏನಾಗುತ್ತೆ" ಅಂತ ನಮ್ಮಲ್ಲೇ ಕೆಲವರು ಅಂತೀವಿ. ಅದು ಪಕ್ಕದ ಮನೆಯವರ ಷೇರು, ಅವರ ಠೇವಣಿ. ರಾಗಿ ಬಿತ್ತನೆ ಹೊತ್ತಿಗೆ ಅವರಿಗೆ ಸಾಲ ಸಿಗಬೇಕಾದರೆ ನಾವು ಕಂತು ಕಟ್ಟಿರಬೇಕು. ಮಹಾಸಭೆಗೆ ಬರೋಣ, ಲೆಕ್ಕ ಕೇಳೋಣ, ಲೆಕ್ಕ ಕೊಡೋಣ. ಹಾಗಾದರೆ ನಮ್ಮ ಮಕ್ಕಳು ಚಿನ್ನದ ಹಬ್ಬವನ್ನೂ ಮಾಡಿಯಾರು.